ಹನ್ನೆರಡೂವರೆಗೆ ಕೇಳಿದ ಪ್ರಶ್ನೆ: ಒಂದು ಕಡಿದಾದ ಏರಿನ ಪ್ರಕರಣ ಅಧ್ಯಯನ

ಈ ಪ್ರಕರಣದಲ್ಲಿ ಯಾರ ಜೀವವೂ ಹೋಗಲಿಲ್ಲ. ಮೂಳೆಯೂ ಮುರಿಯಲಿಲ್ಲ. ಐದೂವರೆ ಗಂಟೆಯಲ್ಲಿ ಮುಗಿಸಿ ಬರುತ್ತೇವೆ ಎಂದು ಹೊರಟ ಚಾರಣಕ್ಕೆ ಹದಿಮೂರು ಗಂಟೆ ಇಪ್ಪತ್ತು ನಿಮಿಷ ಹಿಡಿಯಿತು. ಒಬ್ಬರ ಕಾಲು ಉಳುಕಿತು. ಕೊನೆಯ ಎರಡೂವರೆ ಗಂಟೆ ಕತ್ತಲಲ್ಲಿ ಇಳಿದೆವು. ಇಷ್ಟೇ. ಇಷ್ಟೇ ಆದ್ದರಿಂದ ಇದನ್ನು ಯಾರೂ ಬರೆದಿಡುವುದಿಲ್ಲ. ಮನೆಗೆ ಬಂದ ಮೇಲೆ ನಗುತ್ತಾ ಹೇಳುವ ಕಥೆ ಆಗಿಬಿಡುತ್ತದೆ, ಮುಂದಿನ ಸಲ ಮತ್ತೆ ಅದೇ ತಪ್ಪು. ನಾನು ಆ ದಿನದ ಫೋಟೊಗಳ ಸಮಯ, ಫೋನಿನಲ್ಲಿ ದಾಖಲಾದ ದಾರಿ, ನಾಲ್ವರ ನೆನಪು, ಎಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ನಮ್ಮ ತಪ್ಪು ನಾವು ಅಂದುಕೊಂಡ ಜಾಗದಲ್ಲಿ ಇರಲಿಲ್ಲ.

ಬೆಟ್ಟದ ಹೆಸರು ಹೇಳುವುದಿಲ್ಲ. ಹೇಳಿದರೆ ‘ಅಯ್ಯೋ, ಅದಾ? ಅದು ಸುಲಭ’ ಅನ್ನುವವರು ಒಂದು ಕಡೆ, ‘ಅದಕ್ಕೆ ಹೋಗಬಾರದಿತ್ತು’ ಅನ್ನುವವರು ಇನ್ನೊಂದು ಕಡೆ ಸೇರಿ ಮಾತು ಅಲ್ಲಿಗೇ ನಿಲ್ಲುತ್ತದೆ. ಅಂಕಿ ಸಾಕು.

ದಾರಿ ಮತ್ತು ಜನ

ಹೋಗಲು 7 ಕಿಲೋಮೀಟರ್, ಬರಲು 7. ಒಟ್ಟು ಏರು 1150 ಮೀಟರ್. ಆದರೆ ಈ ಏರು ಸಮನಾಗಿ ಹಂಚಿಕೊಂಡಿರಲಿಲ್ಲ. ಮೊದಲ 3 ಕಿಲೋಮೀಟರ್ ಕಾಡಿನ ದಾರಿ, ಏರಿದ್ದು ಬರೀ 150 ಮೀಟರ್. ನಡುವಿನ 3.2 ಕಿಲೋಮೀಟರಿನಲ್ಲಿ 650 ಮೀಟರ್ ಏರು. ಅದು ಮುಗಿದಲ್ಲಿ ಒಂದು ಅಗಲವಾದ ಚಪ್ಪಟೆ ಬಂಡೆ. ಬಂಡೆಯ ಮೇಲಿಂದ ತುದಿಗೆ ಕೇವಲ 800 ಮೀಟರ್ ದಾರಿ, ಆದರೆ ಅಷ್ಟರಲ್ಲಿ 350 ಮೀಟರ್ ಎತ್ತರ ಏರಬೇಕು. ಸರಾಸರಿ 24 ಡಿಗ್ರಿ ಹತ್ತಿರ. ಕಾಗದದಲ್ಲಿ 24 ಡಿಗ್ರಿ ಎಂದರೆ ಏನೂ ಅಲ್ಲ. ಸಡಿಲ ಜಲ್ಲಿಯ ಮೇಲೆ ನಿಂತಾಗ ಅದು ಗೋಡೆಯ ಹಾಗೆ ಕಾಣುತ್ತದೆ. ಮುಂದೆ ಹೋಗುವವರ ಹಿಮ್ಮಡಿ ನಮ್ಮ ಕಣ್ಣಿನ ನೇರಕ್ಕೆ ಇರುತ್ತದೆ.

ನಾವು ನಾಲ್ವರು. ನಾನು, ನನ್ನ ತಮ್ಮ, ಅವನ ಆಫೀಸಿನ ಗೆಳತಿ ಒಬ್ಬಳು, ಮತ್ತು ಅಕ್ಕನ ಗಂಡ. ಭಾವನಿಗೆ 51 ವರ್ಷ. ದಿನಾ ಬೆಳಗ್ಗೆ ಒಂದು ಗಂಟೆ ಬಿರುಸಾಗಿ ನಡೆಯುವವರು. ನಮ್ಮಲ್ಲಿ ಎಲ್ಲರಿಗಿಂತ ಹೆಚ್ಚು ಶಿಸ್ತಿನ ಮನುಷ್ಯ ಅವರೇ. ಅವರ ನಡಿಗೆಯೆಲ್ಲ ಸಮತಟ್ಟು ರಸ್ತೆಯಲ್ಲಿ ಎಂಬುದು ಆಗ ನಮಗ್ಯಾರಿಗೂ ಒಂದು ವಿಷಯ ಅನ್ನಿಸಲಿಲ್ಲ. ತಮ್ಮನ ಗೆಳತಿಗೆ ಬೆಟ್ಟದ ಅನುಭವ ನಮ್ಮೆಲ್ಲರಿಗಿಂತ ಜಾಸ್ತಿ. ಆದರೆ ಅವಳು ನಮ್ಮ ಗುಂಪಿಗೆ ಹೊಸಬಳು. ಭಾವನನ್ನು ಅವಳು ಮೊದಲ ಸಲ ನೋಡಿದ್ದು ಆ ದಿನ ಬೆಳಗ್ಗೆ. ‘ಸರ್’ ಅನ್ನುತ್ತಿದ್ದಳು. ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಿ.

ಲೆಕ್ಕ ಹಾಕಿದ್ದು ಹೀಗೆ

ಯೋಜನೆ ನನ್ನದೇ, ಹಾಗಾಗಿ ಬೈಗುಳವೂ ನನಗೇ. 14 ಕಿಲೋಮೀಟರ್. ಗಂಟೆಗೆ 4 ಕಿಲೋಮೀಟರ್ ನಡೆದರೆ ಮೂರೂವರೆ ಗಂಟೆ. ದಾರಿಯಲ್ಲಿ ಸುಸ್ತು ಆರಿಸಿಕೊಳ್ಳಲು ಒಂದು ಗಂಟೆ, ತುದಿಯಲ್ಲಿ ಒಂದು ಗಂಟೆ. ಒಟ್ಟು ಐದೂವರೆ. ಆರೂವರೆಗೆ ಹೊರಟರೆ ಹನ್ನೆರಡಕ್ಕೆ ವಾಪಸ್.

ಇದರಲ್ಲಿ ಎತ್ತರ ಎಂಬ ಪದವೇ ಇಲ್ಲ ನೋಡಿ. 1892ರಲ್ಲೇ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಇದಕ್ಕೊಂದು ಸರಳ ಸೂತ್ರ ಕೊಟ್ಟಿದ್ದರು. ಇವತ್ತಿನ ಅಳತೆಯಲ್ಲಿ ಹೇಳುವುದಾದರೆ, ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮ ದಾರಿಗೆ ಇದನ್ನು ಹಾಕಿದರೆ ಹತ್ತುವುದಕ್ಕೇ 3 ಗಂಟೆ 20 ನಿಮಿಷ. ನನ್ನ ಲೆಕ್ಕದಲ್ಲಿ ಅದು ಒಂದೂ ಮುಕ್ಕಾಲು ಗಂಟೆ. ಸೂತ್ರದಲ್ಲಿ ವಿಶ್ರಾಂತಿ ಸೇರಿಲ್ಲ. ಅದು ಗಟ್ಟಿಮುಟ್ಟಾದ, ಒಳ್ಳೆಯ ದಾರಿಯಲ್ಲಿ ನಡೆಯುವ ವ್ಯಕ್ತಿಯ ಲೆಕ್ಕ ಬೇರೆ.

ಜೊತೆಗೆ ಒಂದು ಗಡುವೂ ಇಟ್ಟುಕೊಂಡಿದ್ದೆವು: ಎಲ್ಲೇ ಇರಲಿ, ಹನ್ನೆರಡೂವರೆಗೆ ಹಿಂದಕ್ಕೆ ತಿರುಗಬೇಕು. ಕೇಳಲು ಜಾಣತನದ ಮಾತು. ಆದರೆ ಹನ್ನೆರಡಕ್ಕೆ ಕೆಳಗೆ ಗಾಡಿಯ ಹತ್ತಿರ ಇರುತ್ತೇವೆ ಎಂದು ನಂಬಿದವರು ಹನ್ನೆರಡೂವರೆಗೆ ತಿರುಗುವ ಗಡುವು ಇಟ್ಟುಕೊಳ್ಳುವುದು ಎಂದರೆ ಏನು? ಅದು ಬಳಕೆಗೆ ಬರುವುದೇ ಇಲ್ಲ ಎಂದುಕೊಂಡೇ ಇಟ್ಟ ಗಡುವು. ಶಾಸ್ತ್ರಕ್ಕೆ ಇಟ್ಟದ್ದು. ಅದು ನಿಜವಾಗಿ ಬಂದು ಎದುರಿಗೆ ನಿಂತಾಗ ಯಾರಿಗೂ ಅದರ ಮೇಲೆ ಗೌರವ ಇರಲಿಲ್ಲ.

ಹತ್ತಿದ್ದು

ಆರೂವರೆಗೆ ಅಂದುಕೊಂಡದ್ದು ಏಳೂ ಮುಕ್ಕಾಲಾಯಿತು. ಕಾರಣ ಹೇಳಿ ಪ್ರಯೋಜನವಿಲ್ಲ, ಎಲ್ಲ ಗುಂಪಿನಲ್ಲೂ ಆಗುವುದೇ. ಸಮಯ ಹೋಯಿತು ಎಂಬ ಅವಸರದಲ್ಲಿ ಕಾಡಿನ ದಾರಿಯನ್ನು ಓಡಿದ ಹಾಗೆ ನಡೆದೆವು. 55 ನಿಮಿಷಕ್ಕೆ 3 ಕಿಲೋಮೀಟರ್. ಭಾವ ಎಲ್ಲರಿಗಿಂತ ಮುಂದೆ.

ನಡುವಿನ ಏರಿನಲ್ಲಿ ಚಿತ್ರ ಬದಲಾಯಿತು. ಮೊದಮೊದಲು ಮಾತು ನಿಂತಿತು. ಆಮೇಲೆ ಪ್ರತಿ ತಿರುವಿನಲ್ಲಿ ನಿಲ್ಲುವುದು ಶುರುವಾಯಿತು. ಭಾವ ಮುಂದಿನಿಂದ ಎರಡನೆಯವರಾದರು, ಆಮೇಲೆ ಕೊನೆಯವರಾದರು. ಅವರು ನಿಂತಾಗಲೆಲ್ಲ ಫೋಟೊ ತೆಗೆಯುತ್ತಿದ್ದರು. ಈಗ ಆ ಫೋಟೊಗಳನ್ನು ನೋಡಿದರೆ ನಗು ಬರುತ್ತದೆ. ಒಂದೇ ಮರದ ಒಂಬತ್ತು ಫೋಟೊ ಇವೆ.

ಚಪ್ಪಟೆ ಬಂಡೆಗೆ ಬಂದಾಗ 11 ಗಂಟೆ 20 ನಿಮಿಷ. ಅಲ್ಲಿ 20 ನಿಮಿಷ ಕೂತೆವು. ಏನೋ ತಿಂದೆವು, ನೀರು ಕುಡಿದೆವು. ತಮ್ಮ ಕೇಳಿದ, ‘ಭಾವ, ಹೇಗಿದೀರಾ?’ ಭಾವ ‘ನನಗೇನಾಗಿದೆ? ನಿನ್ನ ಮುಖ ನೋಡ್ಕೋ’ ಎಂದರು. ಎಲ್ಲರೂ ನಕ್ಕೆವು. ತಮ್ಮನ ಗೆಳತಿ ತಲೆಯೆತ್ತಿ ಮೇಲಿನ ದಾರಿಯನ್ನೇ ನೋಡುತ್ತಿದ್ದಳು. ಏನೂ ಹೇಳಲಿಲ್ಲ. ಎದ್ದು ಹೊರಟೆವು.

ಹನ್ನೆರಡೂವರೆ ಆದಾಗ ಕೊನೆಯ ಏರಿನ ಅರ್ಧದಲ್ಲಿದ್ದೆವು. ಒಂದು ಕೈಯಲ್ಲಿ ಬೇರು ಹಿಡಿದು, ಒಂದು ಕಾಲನ್ನು ಅಲ್ಲಾಡದ ಕಲ್ಲಿನ ಮೇಲಿಟ್ಟು ನಾನು ಕೂಗಿ ಕೇಳಿದೆ: ‘ಹನ್ನೆರಡೂವರೆ ಆಯ್ತು. ಏನ್ಮಾಡೋಣ?’ ಆ ಹೊತ್ತಿಗೇ ಮೇಲಿಂದ ಇಳಿದು ಬರುತ್ತಿದ್ದ ಇಬ್ಬರು ‘ಇನ್ನು ಹತ್ತೇ ನಿಮಿಷ’ ಎಂದರು. ಬೆಟ್ಟದಿಂದ ಇಳಿದು ಬರುವವರು ಯಾವತ್ತೂ ಹತ್ತೇ ನಿಮಿಷ ಅನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಅನ್ನುತ್ತಾರೆ. ಅವರಿಗೆ ತುದಿಯಿಂದ ಅಲ್ಲಿಗೆ ಇಳಿಯಲು ಹತ್ತು ನಿಮಿಷ ಆಗಿರುತ್ತದೆ, ನಮಗೆ ಹತ್ತಲು ಎಷ್ಟು ಆಗುತ್ತದೆ ಎಂದು ಅವರಿಗೇನು ಗೊತ್ತು? ‘ನಡಿರೋ, ಇಷ್ಟು ದೂರ ಬಂದು’ ಎಂದರು ಭಾವ. ನಡೆದೆವು. ತುದಿ ಮುಟ್ಟಿದ್ದು 1 ಗಂಟೆ 25 ನಿಮಿಷಕ್ಕೆ. ಹತ್ತು ನಿಮಿಷ ಅಲ್ಲ, 55 ನಿಮಿಷ.

ಮೇಲೆ 45 ನಿಮಿಷ ಇದ್ದೆವು. ನೋಟ ಚೆನ್ನಾಗಿತ್ತು. ತಂದಿದ್ದ ನೀರು ಅಲ್ಲೇ ಮುಗಿಯಿತು. ತಲಾ ಎರಡು ಲೀಟರ್, ಅದೂ ಐದೂವರೆ ಗಂಟೆಯ ಲೆಕ್ಕಕ್ಕೆ ತಂದದ್ದು.

ಇಳಿದದ್ದು

ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ. ಹತ್ತುವುದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಕಾಲು ಉಳುಕುವುದು, ಮೊಣಕಾಲು ಕೈ ಕೊಡುವುದು ಹೆಚ್ಚಾಗಿ ಇಳಿಯುವಾಗಲೇ.

ಎರಡೂ ಹತ್ತಕ್ಕೆ ಹೊರಟಾಗ ನಾವೆಲ್ಲ ಖುಷಿಯಲ್ಲಿದ್ದೆವು. ಏದುಸಿರಿಲ್ಲ, ಎದೆ ಹೊಡೆದುಕೊಳ್ಳುವುದಿಲ್ಲ. ‘ಕಷ್ಟದ ಭಾಗ ಮುಗೀತು’ ಎಂದು ಹೇಳಿದ್ದು ನಾನೇ, ಫೋನಿನ ವಿಡಿಯೋದಲ್ಲಿ ದಾಖಲಾಗಿದೆ. ಮೋಸ ಇರುವುದು ಇಲ್ಲೇ. ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಅದಕ್ಕೆ ಆಮ್ಲಜನಕ ಜಾಸ್ತಿ ಬೇಕು, ಹಾಗಾಗಿ ಉಸಿರು ಮೇಲೆ ಬರುತ್ತದೆ, ನಾವು ನಿಲ್ಲುತ್ತೇವೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಲೇ ಬಿಗಿ ಹಿಡಿದು ದೇಹಕ್ಕೆ ಬ್ರೇಕ್ ಹಾಕಬೇಕು. ಈ ಕೆಲಸಕ್ಕೆ ಆಮ್ಲಜನಕ ತುಂಬಾ ಕಡಿಮೆ ಸಾಕು. ಶೇಕಡಾ 10ರಷ್ಟು ಇಳಿಜಾರಿನಲ್ಲಿ ನಡೆಯುವುದಕ್ಕೆ ಸಮತಟ್ಟಿಗಿಂತಲೂ ಕಡಿಮೆ ಶಕ್ತಿ ಸಾಕು ಎಂದು 2002ರಲ್ಲಿ ಪ್ರಕಟವಾದ ಒಂದು ಪ್ರಯೋಗ ಅಳೆದು ತೋರಿಸಿದೆ. ಆದರೆ ಹಿಗ್ಗುತ್ತಾ ಬಿಗಿ ಹಿಡಿಯುವ ಸ್ನಾಯುವಿನ ಎಳೆಗಳು ಒಳಗೊಳಗೇ ಸಣ್ಣಸಣ್ಣದಾಗಿ ಹರಿಯುತ್ತವೆ, ಬಲ ಕಡಿಮೆಯಾಗುತ್ತದೆ. ಅಂದರೆ ಹತ್ತುವಾಗ ಎಚ್ಚರಿಕೆ ಕೊಡುವ ಉಸಿರು ಇಳಿಯುವಾಗ ಬಾಯಿ ಬಿಡುವುದೇ ಇಲ್ಲ. ಮೊದಲ ಸೂಚನೆ ಬರುವುದು ತೊಡೆ ನಡುಗಿದಾಗ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ.

ಭಾವನ ತೊಡೆ ನಡುಗಲು ಶುರುವಾದದ್ದು ಇಳಿಯಲು ಶುರು ಮಾಡಿದ ಅರ್ಧ ಗಂಟೆಗೆ. ಅವರು ಹೇಳಲಿಲ್ಲ. ಹಿಂದಿದ್ದ ತಮ್ಮನ ಗೆಳತಿ ನೋಡಿದಳು. ಅವಳೂ ಹೇಳಲಿಲ್ಲ. ಮೊದಲ ಸಲ ನೋಡಿದ ಹಿರಿಯರಿಗೆ ‘ಸರ್, ನಿಮ್ಮ ಕಾಲು ನಡುಗ್ತಿದೆ’ ಅನ್ನುವುದು ಹೇಗೆ, ಅಲ್ವಾ? ಆಮೇಲೆ ಕೇಳಿದಾಗ ಅವಳು ಹೇಳಿದ್ದು ಇದನ್ನೇ: ‘ಅವರ ಮನೆಯವರು ನೀವಿದ್ದೀರಲ್ಲ, ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ.’ ನಮಗೆ ಗೊತ್ತಿರಲಿಲ್ಲ. ನಾವು ಮುಂದಿದ್ದೆವು.

ಮೂರೂ ಇಪ್ಪತ್ತರ ಸುಮಾರಿಗೆ ಭಾವನ ಬಲಗಾಲು ಜಲ್ಲಿಯ ಮೇಲೆ ಜಾರಿ ಪಾದ ಒಳಕ್ಕೆ ಮಡಚಿಕೊಂಡಿತು. ಬಿದ್ದರು. ಅದೃಷ್ಟಕ್ಕೆ ಒಳಪಕ್ಕಕ್ಕೆ, ಬೆಟ್ಟದ ಕಡೆಗೇ ಬಿದ್ದರು. ಚಪ್ಪಟೆ ಬಂಡೆಗೆ ಇನ್ನೂ 200 ಮೀಟರ್ ಇತ್ತು. ಕೂತುಕೊಂಡೇ ಜಾರುತ್ತಾ, ತಮ್ಮನ ಭುಜದ ಮೇಲೆ ಕೈಯಿಟ್ಟು, ಮೂರೂ ಮುಕ್ಕಾಲಿಗೆ ಬಂಡೆ ತಲುಪಿದರು. 800 ಮೀಟರ್ ಇಳಿಯಲು 95 ನಿಮಿಷ.

ಅಲ್ಲಿ ಗುಂಪಿನ ಯಜಮಾನಿಕೆ ಸದ್ದಿಲ್ಲದೆ ಬದಲಾಯಿತು. ತಮ್ಮನ ಗೆಳತಿ ಚೀಲ ಬಿಚ್ಚಿದಳು. ಶೂ ಬಿಚ್ಚದೆ ಮೊದಲು ‘ಸರ್, ನಾಲ್ಕು ಹೆಜ್ಜೆ ಹಾಕಿ ನೋಡೋಣ’ ಎಂದಳು. ಕುಂಟುತ್ತಾ ಹಾಕಿದರು. ಆಮೇಲೆ ಗಿಣ್ಣಿನ ಎರಡೂ ಬದಿಯ ಮೂಳೆಯ ಹಿಂದಿನ ಅಂಚನ್ನು, ಪಾದದ ಹೊರಬದಿಯ ನಡುವಿನ ಉಬ್ಬನ್ನು ಬೆರಳಿನಿಂದ ಒತ್ತಿ ನೋಡಿದಳು. ಮೂಳೆಯ ಮೇಲೆ ನೋವಿಲ್ಲ, ಮುಂದಿನ ಮೆತ್ತನೆ ಭಾಗದಲ್ಲಿ ಇದೆ. ಇದು ಕೆನಡಾದ ಒಟ್ಟಾವಾದಲ್ಲಿ ವೈದ್ಯರು ಮಾಡಿ 1992ರಲ್ಲಿ ಪ್ರಕಟಿಸಿದ ನಿಯಮದ ಸಾರ. ಎಕ್ಸ್‌ರೇ ಯಾರಿಗೆ ಬೇಕು, ಯಾರಿಗೆ ಬೇಡ ಎಂದು ತೀರ್ಮಾನಿಸಲು ಆಸ್ಪತ್ರೆಗಳಲ್ಲಿ ಬಳಸುತ್ತಾರೆ. ಬೆಟ್ಟದಲ್ಲಿ ಅದೇ ಕೊನೆಯ ಮಾತಲ್ಲ. ಆದರೆ ಅದರಿಂದ ನಮಗೆ ಒಂದು ನಿರ್ಧಾರ ಸಿಕ್ಕಿತು: ಸಹಾಯ ಕರೆದು ಕಾಯುವ ಬದಲು ನಿಧಾನವಾಗಿ ಇಳಿಯಬಹುದು. ಶೂ ಬಿಚ್ಚಿದರೆ ಊತಕ್ಕೆ ಮತ್ತೆ ಕಾಲು ಒಳಗೆ ಹೋಗುವುದಿಲ್ಲ ಎಂದು ಶೂ ಮೇಲೆಯೇ ಬ್ಯಾಂಡೇಜ್ ಸುತ್ತಿದಳು.

ನಾಲ್ಕೂ ಐದಕ್ಕೆ ಅಲ್ಲಿಂದ ಹೊರಟೆವು. ತಮ್ಮ ಭಾವನಿಗಿಂತ ಒಂದು ಹೆಜ್ಜೆ ಕೆಳಗೆ. ಭಾವನ ಕೈಯಲ್ಲಿ ಎರಡು ಒಣ ಕೊಂಬೆ. ಅಡ್ಡಡ್ಡವಾಗಿ, ಬಗಲು ಹೆಜ್ಜೆ ಹಾಕುತ್ತಾ, ಕಡಿದಾದ ಕಡೆ ಕೂತು. ಐದೂವರೆಗೆ ಒಂದು ಕಡೆ ನಿಂತಾಗ ನನಗೇ ಚಳಿ ಹತ್ತಿತು. ಬೆವರಿನಲ್ಲಿ ನೆನೆದ ಹತ್ತಿಯ ಅಂಗಿ ಮೈಗೆ ಅಂಟಿತ್ತು. ಎತ್ತರ ಹೆಚ್ಚಿದಂತೆ ಸರಾಸರಿ ಪ್ರತಿ 1000 ಮೀಟರಿಗೆ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ತಾಪ ಇಳಿಯುತ್ತದೆ. ಗಾಳಿ ಸೇರಿದರೆ ಮೈಗೆ ಅದಕ್ಕಿಂತ ಜಾಸ್ತಿ ಅನ್ನಿಸುತ್ತದೆ. ನಡೆಯುವವರೆಗೆ ಗೊತ್ತಾಗುವುದಿಲ್ಲ, ನಿಂತರೆ ಗೊತ್ತಾಗುತ್ತದೆ. ಭಾವ ನಡೆಯುತ್ತಿದ್ದದ್ದು ನಿಲ್ಲುವುದಕ್ಕೆ ಹತ್ತಿರದ ವೇಗದಲ್ಲಿ. ಅವರ ಹಲ್ಲು ಕಟಕಟಿಸುತ್ತಿತ್ತು. ತಮ್ಮನ ಗೆಳತಿಯ ಚೀಲದಲ್ಲಿದ್ದ ಒಣ ಮೇಲಂಗಿ, ಅಳತೆಗೆ ಚಿಕ್ಕದಾದರೂ, ಅವರ ಮೈಮೇಲೆ ಏರಿತು. ಆ ಚೀಲದಲ್ಲಿ ಇನ್ನೂ ಏನೇನಿದೆಯಪ್ಪ ಎಂದು ನಮಗೆ ಆಶ್ಚರ್ಯ. ನಮ್ಮ ಮೂವರ ಚೀಲದಲ್ಲಿ ಇದ್ದದ್ದು ಖಾಲಿ ಬಾಟಲಿಗಳು.

ಆರೂವರೆ ದಾಟುತ್ತಿದ್ದಂತೆ ಪೂರ್ತಿ ಕತ್ತಲು. ನಾಲ್ವರ ನಡುವೆ ಒಂದೇ ಹೆಡ್‌ಟಾರ್ಚ್, ಅದೂ ಅವಳದೇ. ಉಳಿದದ್ದು ಫೋನಿನ ಬೆಳಕು. ಒಂದು ಸಂಗತಿ ಅಲ್ಲೇ ಕಲಿತದ್ದು: ಹಣೆಯ ಮೇಲಿನ ಬೆಳಕು ಕಣ್ಣಿನ ನೇರದಲ್ಲೇ ಬೀಳುವುದರಿಂದ ಕಲ್ಲುಗಳ ನೆರಳು ಕಾಣುವುದಿಲ್ಲ, ನೆಲ ಚಪ್ಪಟೆಯಾಗಿ ಕಾಣುತ್ತದೆ. ಅದೇ ಬೆಳಕನ್ನು ಸೊಂಟದ ಮಟ್ಟದಲ್ಲಿ ಹಿಡಿದರೆ ಪ್ರತಿ ಕಲ್ಲಿಗೂ ನೆರಳು ಮೂಡಿ ಉಬ್ಬುತಗ್ಗು ತಿಳಿಯುತ್ತದೆ. ಹಾಗಾಗಿ ಟಾರ್ಚನ್ನು ತಮ್ಮನ ಬೆಲ್ಟಿಗೆ ಕಟ್ಟಿದೆವು.

ಏಳೂ ಇಪ್ಪತ್ತಕ್ಕೆ ಕಾಡಿನ ದಾರಿ ಸಿಕ್ಕಿತು. ಒಂಬತ್ತೂ ಐದಕ್ಕೆ ಗಾಡಿ.

ಆಮೇಲೆ ಗೊತ್ತಾದ ಇನ್ನೊಂದು ವಿಷಯ. ನನ್ನ ಚೀಲದ ಎದೆಪಟ್ಟಿಯ ಬಕಲ್‌ನಲ್ಲೇ ಒಂದು ಸೀಟಿ ಇದೆ! ಮೂರು ವರ್ಷದಿಂದ ಹೊತ್ತು ತಿರುಗುತ್ತಿದ್ದೇನೆ. ನಿಮ್ಮದರಲ್ಲೂ ಇರಬಹುದು, ಒಮ್ಮೆ ನೋಡಿ. ನಿಮಿಷಕ್ಕೆ ಆರು ಸಲ ಊದಿ ಒಂದು ನಿಮಿಷ ನಿಲ್ಲಿಸಿ ಮತ್ತೆ ಊದುವುದು ಪರ್ವತಗಳಲ್ಲಿ ಬಳಸುವ ಸಹಾಯದ ಕರೆ. ಉತ್ತರವಾಗಿ ನಿಮಿಷಕ್ಕೆ ಮೂರು ಸಲ ಕೇಳಿಸಿದರೆ ಯಾರೋ ಕೇಳಿಸಿಕೊಂಡಿದ್ದಾರೆ ಎಂದರ್ಥ.

ಮೈಗೆ ಆದದ್ದು

ಭಾವನ ಗಿಣ್ಣಿನ ಕಟ್ಟುನಾರು ಸ್ವಲ್ಪ ಎಳೆದಿದೆ, ಹರಿದಿಲ್ಲ ಎಂದರು ವೈದ್ಯರು. ಎರಡು ವಾರದಲ್ಲಿ ಸರಿಹೋಯಿತು. ತೊಡೆಯ ನೋವು ಎರಡನೆಯ ದಿನ ಶಿಖರ ಮುಟ್ಟಿತು. ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುತ್ತಿದ್ದರು. ಇಂಥ ನೋವು ಸಾಮಾನ್ಯವಾಗಿ 24ರಿಂದ 72 ಗಂಟೆಯ ನಡುವೆ ಜೋರಾಗಿರುತ್ತದೆ, ಗಾಬರಿ ಬೇಕಿಲ್ಲ. ಗಾಬರಿ ಬೀಳಬೇಕಾದದ್ದು ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ. ಸ್ನಾಯು ವಿಪರೀತ ಹಾಳಾಗಿ ಅದರ ಅಂಶ ರಕ್ತಕ್ಕೆ ಸೇರಿದಾಗ ಹಾಗಾಗುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಭಾವನಿಗೆ ಅದಾಗಲಿಲ್ಲ. ಎರಡೂ ಹೆಬ್ಬೆರಳಿನ ಉಗುರು ಕಪ್ಪಾದವು. ಶೂ ಹೊಸದು, ಲೇಸು ಸಡಿಲ, ಇಳಿಯುವಾಗ ಪ್ರತಿ ಹೆಜ್ಜೆಗೂ ಬೆರಳು ಮುಂದಕ್ಕೆ ಹೋಗಿ ಗುದ್ದಿದೆ. ಇಳಿಯುವ ಮುಂಚೆ ಲೇಸನ್ನು ಗಿಣ್ಣಿನ ಹತ್ತಿರ ಬಿಗಿಯಾಗಿ ಮತ್ತೆ ಕಟ್ಟಿಕೊಂಡಿದ್ದರೆ ಹಿಮ್ಮಡಿ ಹಿಂದೆಯೇ ಕೂರುತ್ತಿತ್ತು. ಅರ್ಧ ನಿಮಿಷದ ಕೆಲಸ.

ಹಾಗಾದರೆ ತಪ್ಪಿದ್ದು ಎಲ್ಲಿ?

ಮೊದಲು ನಾವು ಹೇಳಿಕೊಂಡ ಉತ್ತರ: ತಡವಾಗಿ ಹೊರಟೆವು, ಹನ್ನೆರಡೂವರೆಗೆ ತಿರುಗಬೇಕಿತ್ತು, ತಿರುಗಲಿಲ್ಲ. ಸರಿಯೇ. ಆದರೆ ಸಮಯಗಳನ್ನು ಬರೆದು ನೋಡಿದಾಗ ನನಗೆ ಬೇರೆಯೇ ಒಂದು ಕಂಡಿತು.

ಪ್ರತಿ ತುಂಡಿಗೂ ನೈಸ್ಮಿತ್ ಲೆಕ್ಕ ಹಾಕಿ, ನಮ್ಮ ನಿಜವಾದ ಸಮಯವನ್ನು ಅದರಿಂದ ಭಾಗಿಸಿದೆ. ಕಾಡಿನ 3 ಕಿಲೋಮೀಟರಿಗೆ ಸೂತ್ರ ಹೇಳುವುದು 51 ನಿಮಿಷ, ನಮಗೆ ಹಿಡಿದದ್ದು 55. ಅಂದರೆ 1.1 ಪಟ್ಟು. ನಡುವಿನ ಏರಿಗೆ ಸೂತ್ರ 103 ನಿಮಿಷ, ನಾವು 160. ಅದು 1.55 ಪಟ್ಟು. ಕೊನೆಯ ಏರಿಗೆ ಸೂತ್ರ 45, ನಾವು 105. ಅದು 2.3 ಪಟ್ಟು. ನಾವು ಬರೀ ನಿಧಾನ ಅಲ್ಲ, ಹೋಗುತ್ತಾ ಹೋಗುತ್ತಾ ಇನ್ನೂ ನಿಧಾನ ಆಗುತ್ತಿದ್ದೆವು. ಸೂತ್ರ ನಮಗೆ ಸರಿಹೊಂದದೆ ಇರಬಹುದು. ಆದರೆ ಈ ಪಟ್ಟು ಏರುತ್ತಾ ಹೋಗುವುದಿದೆಯಲ್ಲ, ಅದು ದೇಹ ಬರೆದುಕೊಟ್ಟ ಚೀಟಿ.

ಈ ಚೀಟಿಯ ಮೊದಲ ಎರಡು ಸಾಲು 11 ಗಂಟೆ 20 ನಿಮಿಷಕ್ಕೇ, ಚಪ್ಪಟೆ ಬಂಡೆಯ ಮೇಲೆ ಕೂತಾಗಲೇ ನಮ್ಮ ಕೈಯಲ್ಲಿತ್ತು. ಅಲ್ಲೇ ಗುಣಿಸಿದ್ದರೆ, ಇನ್ನಷ್ಟು ನಿಧಾನ ಆಗುವುದಿಲ್ಲ ಎಂದೇ ಇಟ್ಟುಕೊಂಡರೂ, 45ರ ಒಂದೂವರೆ ಪಟ್ಟಿಗಿಂತ ಜಾಸ್ತಿ, ಅಂದರೆ 70 ನಿಮಿಷ. ಹನ್ನೊಂದೂ ನಲವತ್ತಕ್ಕೆ ಎದ್ದರೆ ತುದಿಗೆ ಹನ್ನೆರಡೂ ಐವತ್ತು. ಗಡುವಿನೊಳಗೆ ತುದಿ ಮುಟ್ಟುವುದು ಸಾಧ್ಯವೇ ಇಲ್ಲ ಎಂಬುದು ಅಲ್ಲೇ ಗೊತ್ತಾಗುತ್ತಿತ್ತು. ನಾವು ಅಲ್ಲಿ ಕೇಳಬೇಕಾದ ಪ್ರಶ್ನೆ ಕೇಳದೆ, ಎದ್ದು ಹೋಗಿ, ಅದನ್ನೇ ಹನ್ನೆರಡೂವರೆಗೆ ಗೋಡೆಯ ನಡುವೆ ಬೇರಿಗೆ ಜೋತುಬಿದ್ದು ಕೇಳಿದೆವು.

ಅಲ್ಲಿ ಯಾರು ತಾನೇ ‘ತಿರುಗೋಣ’ ಅನ್ನುತ್ತಾರೆ? ಅರ್ಧ ಹತ್ತಿಯಾಗಿದೆ. ತುದಿ ಕಾಣುತ್ತಿದೆ. ಎದುರಿಗೆ ಬಂದವರು ಹತ್ತೇ ನಿಮಿಷ ಅಂದಿದ್ದಾರೆ. ನಿಂತು ಮಾತಾಡಲೂ ಜಾಗ ಇಲ್ಲ, ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಜೊತೆಗೆ ತಿರುಗುವುದೆಂದರೆ ಆ ಕ್ಷಣದಿಂದಲೇ ಅದೇ ಕಡಿದಾದ ಜಾಗ ಇಳಿಯಬೇಕು, ಹತ್ತುವುದೇ ವಾಸಿ ಅನ್ನಿಸುತ್ತದೆ. ಗಡುವನ್ನು ಗಡಿಯಾರಕ್ಕೆ ಕಟ್ಟಿದ್ದೆವು, ಜಾಗಕ್ಕೆ ಕಟ್ಟಿರಲಿಲ್ಲ. ನನ್ನ ಪ್ರಕಾರ ಇಡೀ ಪ್ರಕರಣದ ಗಂಟು ಇದು. ಕಡಿದಾದ ದಾರಿಯಲ್ಲಿ ಹಿಂದಿರುಗುವ ನಿರ್ಧಾರಕ್ಕೆ ಒಂದು ಹೊತ್ತು ಇದ್ದರೆ ಸಾಲದು, ಕೂರಲು ಜಾಗವೂ ಬೇಕು. ಕಡಿದಾದ ಏರು ಶುರುವಾಗುವ ಮುಂಚಿನ ಕೊನೆಯ ಸಮತಟ್ಟು ಆ ಜಾಗ.

ಇನ್ನು ಬಾಯಿ ಬಿಡದ ವಿಷಯ. ಬಂಡೆಯ ಮೇಲೆ ತಮ್ಮ ‘ಹೇಗಿದೀರಾ’ ಎಂದು ಕೇಳಿದನಲ್ಲ, ಅದು ಉತ್ತರ ಬೇಡದ ಪ್ರಶ್ನೆ. ಕಿರಿಯರ ಮುಂದೆ ಯಾವ ಭಾವ ತಾನೇ ‘ನನ್ನ ಕೈಲಿ ಆಗಲ್ಲ’ ಅಂತಾರೆ? ನಾವೂ ಒತ್ತಿ ಕೇಳಲಿಲ್ಲ, ಕೇಳಿದರೆ ಅವಮಾನ ಮಾಡಿದ ಹಾಗೆ. ಎಲ್ಲ ನೋಡುತ್ತಿದ್ದವಳು ಹೊಸಬಳು, ಅವಳಿಗೆ ಮಾತಾಡಲು ಸಲಿಗೆ ಇಲ್ಲ. ಹೀಗೆ ನಾಲ್ವರೂ ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟುಕೊಂಡೇ ಕತ್ತಲಿಗೆ ಹೋದೆವು.

ಹೊರಡುವ ಮುಂಚೆ ಭಾವನ ಮೊಣಕಾಲು ಚೆನ್ನಾಗಿದೆಯಾ ಎಂದು ಕೇಳಿದ್ದೆ. ‘ದಿನಾ ಐದು ಕಿಲೋಮೀಟರ್ ನಡೀತೀನಿ’ ಎಂದಿದ್ದರು. ನಿಜ. ಆದರೆ ಸಮತಟ್ಟಿನಲ್ಲಿ ಎಷ್ಟು ನಡೆದರೂ ತೊಡೆಗೆ ಬ್ರೇಕ್ ಹಾಕುವ ಕೆಲಸ ಅಷ್ಟಾಗಿ ಬರುವುದಿಲ್ಲ. ಕೇಳಬೇಕಿದ್ದದ್ದು, ಕೊನೆಯ ಸಲ ಯಾವಾಗ ಇಳಿದದ್ದು ಎಂದು.

ಹನ್ನೊಂದು ವಾರದ ನಂತರ

ಮತ್ತೆ ಹೋಗಬೇಕು ಎಂದು ಹಟ ಹಿಡಿದವರು ಭಾವನೇ. ಈ ಸಲ ತಯಾರಿ ಇಳಿಯುವುದಕ್ಕೆ. ವಾರಕ್ಕೆ ಎರಡು ದಿನ ಬಹುಮಹಡಿ ಕಟ್ಟಡದ ಮೆಟ್ಟಿಲು. ಹತ್ತಲು ಲಿಫ್ಟು, ಇಳಿಯಲು ಕಾಲು. ನೋಡುವವರಿಗೆ ತಲೆ ಕೆಟ್ಟಿದೆ ಅನ್ನಿಸಬೇಕು. ಒಂದೊಂದು ಮೆಟ್ಟಿಲನ್ನೂ ಮನಸ್ಸಿನಲ್ಲೇ ಮೂರು ಎಣಿಸಿ ನಿಧಾನವಾಗಿ ಇಳಿಯುವುದು. ಬೆನ್ನ ಮೇಲೆ ಚೀಲ. ಮೊದಲ ವಾರ ಚೆನ್ನಾಗಿ ನೋವಾಯಿತು, ಎರಡನೆಯ ವಾರದಿಂದ ಅರ್ಧಕ್ಕರ್ಧ ಕಡಿಮೆ. ಸ್ನಾಯುವಿನ ಗುಣವೇ ಅದು. ಒಮ್ಮೆ ಬ್ರೇಕ್ ಹಾಕಿ ನೋಯಿಸಿಕೊಂಡರೆ ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ಹಾಳಾಗುವುದಿಲ್ಲ.

ಎರಡು ಕೋಲು ಕೊಂಡರು. ಟ್ರೆಕ್ಕಿಂಗ್ ಕೋಲು ಮುದುಕರಿಗೆ ಎಂದು ಮೊದಲು ನಕ್ಕಿದ್ದು ನಮ್ಮ ತಮ್ಮ. 25 ಡಿಗ್ರಿ ಇಳಿಜಾರಿನಲ್ಲಿ ಮಾಡಿ 1999ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಕೋಲು ಬಳಸಿದವರ ಮೊಣಕಾಲಿನ ಮೇಲಿನ ಹೊರೆ ಶೇಕಡಾ 12ರಿಂದ 25ರಷ್ಟು ಇಳಿದಿತ್ತು. ನಮ್ಮ ಕೊನೆಯ ಏರು 24 ಡಿಗ್ರಿ. ಇಷ್ಟು ಸರಿಯಾಗಿ ಹೊಂದುವ ಅಧ್ಯಯನ ಜೀವನದಲ್ಲಿ ಎಷ್ಟು ಸಲ ಸಿಗುತ್ತದೆ?

ಮೂರು ನಿಯಮ ಮಾಡಿಕೊಂಡೆವು. ನಿರ್ಧಾರ ಚಪ್ಪಟೆ ಬಂಡೆಯ ಮೇಲೆ, ಕೂತುಕೊಂಡು. ಮೊದಲು ಮಾತಾಡುವವರು ಗುಂಪಿನಲ್ಲಿ ಹೊಸಬರು, ಕೊನೆಗೆ ಮಾತಾಡುವವರು ಭಾವ. ಒಬ್ಬರು ಬೇಡ ಎಂದರೆ ಬೇಡ, ಕಾರಣ ಕೇಳುವ ಹಾಗಿಲ್ಲ. ಉಳಿದದ್ದೆಲ್ಲ ಸಾಮಾನಿನ ಪಟ್ಟಿ. ತಲಾ ಒಂದು ಹೆಡ್‌ಟಾರ್ಚ್, ಒಣ ಅಂಗಿ, ಜಾಸ್ತಿ ನೀರು.

ಹೊರಟದ್ದು 6 ಗಂಟೆ 10 ನಿಮಿಷಕ್ಕೆ. ಕಾಡಿಗೆ 57 ನಿಮಿಷ, ಬೇಕೆಂದೇ ನಿಧಾನ. ಬಂಡೆಗೆ ಬಂದಾಗ 9 ಗಂಟೆ 10 ನಿಮಿಷ. ನಡುವಿನ ಏರಿಗೆ 1.2 ಪಟ್ಟು. ಆಕಾಶದಲ್ಲಿ ಒಂದು ಮೋಡ ಇಲ್ಲ. ಲೆಕ್ಕದ ಪ್ರಕಾರ ಹತ್ತೂಮುಕ್ಕಾಲಿಗೆ ಧಾರಾಳವಾಗಿ ತುದಿ. ನಾನು ಅಂಕಿ ಓದಿ ಹೇಳಿ, ತಮ್ಮನ ಗೆಳತಿಯ ಕಡೆ ನೋಡಿದೆ.

‘ನನಗೆ ಇವತ್ತು ಬೇಡ’ ಎಂದಳು.

ಕಾರಣ ಕೇಳುವ ಹಾಗಿರಲಿಲ್ಲ. ಅವಳೇ ಹೇಳಿದಳು. ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು ಒಡೆದಿದೆ, ಹತ್ತಬಹುದು, ಇಳಿಯುವಾಗ ಹೇಗೋ ಗೊತ್ತಿಲ್ಲ. ಭಾವ ಬಾಯಿ ತೆರೆದರು, ಮುಚ್ಚಿದರು. ವಾರಗಟ್ಟಲೆ ಮೆಟ್ಟಿಲು ಇಳಿದ ಮನುಷ್ಯ. ‘ನೀವು ಇಲ್ಲೇ ಕೂತಿರಿ, ನಾವು ಹೋಗಿ ಬಂದುಬಿಡ್ತೀವಿ’ ಎಂದು ಹೇಳಬೇಕೆಂದು ಅವರ ನಾಲಿಗೆ ತುದಿಗೆ ಬಂದಿತ್ತಂತೆ, ಆಮೇಲೆ ಅಕ್ಕನ ಹತ್ತಿರ ಹೇಳಿದ್ದಾರೆ. ಹೇಳಲಿಲ್ಲ. ಕೋಲು ಎತ್ತಿಕೊಂಡು, ಶೂ ಲೇಸು ಗಿಣ್ಣಿನ ಹತ್ತಿರ ಬಿಗಿಯಾಗಿ ಕಟ್ಟಿ, ಒಂಬತ್ತೂವರೆಗೆ ಇಳಿಯಲು ಶುರು ಮಾಡಿದರು.

ಹೋದ ಸಲ 195 ನಿಮಿಷ ಹಿಡಿದಿದ್ದ ನಡುವಿನ ಇಳಿಜಾರನ್ನು ನಾವು ಮೂವರು 85 ನಿಮಿಷದಲ್ಲಿ ಇಳಿದೆವು. ಭಾವನ ಸಮಯ ನನ್ನ ಹತ್ತಿರ ಇಲ್ಲ. ಮೊದಲ ಕಾಲು ಗಂಟೆಯಲ್ಲೇ ಅವರು ಕಣ್ಣಿಗೆ ಕಾಣದಷ್ಟು ಮುಂದೆ ಹೋಗಿಬಿಟ್ಟಿದ್ದರು. ಗುಂಪು ಒಡೆಯಬಾರದು ಎಂಬುದನ್ನು ನಾವು ನಿಯಮದಲ್ಲಿ ಬರೆದೇ ಇರಲಿಲ್ಲ. ಗಾಡಿಯ ಹತ್ತಿರ ಸಿಕ್ಕಾಗ ಅವರು ಬಾನೆಟ್ ಮೇಲೆ ಕೂತು ಬೆಟ್ಟಕ್ಕೆ ಬೆನ್ನು ಹಾಕಿದ್ದರು. ‘ತೊಡೆ ನಡುಗ್ತಾ ಭಾವ?’ ಎಂದು ತಮ್ಮ ಕೇಳಿದ.

‘ಇಲ್ಲ ಕಣೋ’ ಎಂದರು, ಇನ್ನೂ ಸಿಟ್ಟಿನಲ್ಲೇ.